ಐವತ್ತೆಂಟು ಹಲ್ಲಿನ ಚಕ್ರ

ಕಳೆದ ಬೇಸಿಗೆಯ ಒಂದು ಮಧ್ಯಾಹ್ನ ನಾವು ರಾಬರ್ಟ್‌ಸನ್‌ಪೇಟೆಯಿಂದ ಬಂಗಾರಪೇಟೆಯ ರೈಲು ನಿಲ್ದಾಣಕ್ಕೆ ಹೊರಟಿದ್ದೆವು. ನಮ್ಮೊಡನೆ ವೃದ್ಧರೊಬ್ಬರಿದ್ದರು. ಚಿನ್ನದ ಗಣಿಯಲ್ಲಿ ಬಹುಕಾಲ ವೈಂಡಿಂಗ್ ಎಂಜಿನನ್ನು ನಡೆಸಿ, 2001ರಲ್ಲಿ ಗಣಿಗಳು ಮುಚ್ಚಿದಾಗ ಮನೆ ಸೇರಿದವರು. ಮರುದಿನ ಬೆಳಗ್ಗೆ ಬೆಂಗಳೂರಿನಲ್ಲಿ ಅವರ ಕಣ್ಣಿನ ಶಸ್ತ್ರಚಿಕಿತ್ಸೆ ನಿಶ್ಚಯವಾಗಿತ್ತು. ಆದುದರಿಂದ ಸಂಜೆಯ ರೈಲು ತಪ್ಪುವಂತಿರಲಿಲ್ಲ. ಕಾರು ಹಳೆಯದು, ಆದರೆ ನಂಬಿಕೆಯದು. ಸಯನೈಡ್ ದಿಬ್ಬಗಳು ಹಿಂದೆ ಸರಿದು, ಬಯಲು ತೆರೆದುಕೊಳ್ಳುತ್ತಿದ್ದಂತೆಯೇ, ಯಾವ ಮುನ್ಸೂಚನೆಯೂ ಇಲ್ಲದೆ ಎಂಜಿನು ಸ್ತಬ್ಧವಾಯಿತು. ಕೆಮ್ಮಲಿಲ್ಲ, ಎಳೆದಾಡಲಿಲ್ಲ, ದೀಪದ ಗುಂಡಿಯನ್ನು ಒತ್ತಿ ಆರಿಸಿದಂತೆ ಆರಿಹೋಯಿತು.

ಓಡುತ್ತಿರುವ ಕಾರಿನ ಎಂಜಿನು ನಿಂತರೆ ಸುಮ್ಮನೆ ಕಾರು ನಿಧಾನವಾಗುವುದಷ್ಟೇ ಅಲ್ಲ. ಚುಕ್ಕಾಣಿಗೆ ಎಂಜಿನು ಕೊಡುತ್ತಿದ್ದ ನೆರವು ತಪ್ಪಿ ಅದು ಕಲ್ಲಿನಂತೆ ಬಿಗಿಯಾಗುತ್ತದೆ. ಬ್ರೇಕಿಗೆ ನೆರವಾಗುವ ನಿರ್ವಾತವು ಒಂದೆರಡು ಬಾರಿ ಒತ್ತುವಷ್ಟರಲ್ಲಿ ಮುಗಿದು, ಅನಂತರ ಕಾಲಿನ ಬಲವೊಂದೇ ಉಳಿಯುತ್ತದೆ. ನಮ್ಮ ಹಿಂದೆ ಜಲ್ಲಿ ತುಂಬಿದ ಲಾರಿಯೊಂದು ಬರುತ್ತಿತ್ತು. ಅದರ ಚಾಲಕನು ಎಚ್ಚರದಿಂದಿದ್ದುದರಿಂದ ನಾವು ಇಂದು ಈ ಲೇಖನವನ್ನು ಬರೆಯುತ್ತಿದ್ದೇವೆ.

ಫೋನು ಮಾಡಿದ ಮೇಲೆ ಬಂಗಾರಪೇಟೆಯಿಂದ ಮೆಕ್ಯಾನಿಕನೊಬ್ಬ ಸ್ಕೂಟರಿನಲ್ಲಿ ಬಂದ. ಇಪ್ಪತ್ತೈದರ ಹುಡುಗ. ಬಾನೆಟ್ಟನ್ನು ಎತ್ತುವ ಮೊದಲೇ ಕೀಲಿ ತಿರುಗಿಸಿ, ಎಂಜಿನಿನ ಕಡೆ ನೋಡದೆ, ಚಾಲಕನ ಮುಂದಿರುವ ಫಲಕದಲ್ಲಿ ಎಂಜಿನಿನ ವೇಗವನ್ನು ತೋರಿಸುವ ಗಡಿಯಾರವನ್ನೇ ನೋಡುತ್ತಿದ್ದ.

“ಸೆಲ್ಫ್ ಚೆನ್ನಾಗಿ ಹೊಡೀತಾ ಇದೆ ಸಾರ್. ಆದರೆ ಮುಳ್ಳು ನೋಡಿ, ಸ್ವಲ್ಪವೂ ಏಳ್ತಾ ಇಲ್ಲ. ಎಂಜಿನ್ ತಿರುಗ್ತಾ ಇರೋದು ಪೆಟ್ಟಿಗೆಗೆ ಗೊತ್ತೇ ಆಗ್ತಿಲ್ಲ.”

ಆ ಮೇಲೆ ಅವನು ಮಾಡಿದ ಕೆಲಸ ನಮಗೆ ಮಾಟದಂತೆ ಕಂಡಿತು. ಎಂಜಿನಿನ ಕೆಳಬದಿಯಲ್ಲಿ, ಗೇರುಪೆಟ್ಟಿಗೆ ಕೂಡುವ ಎಡೆಯಲ್ಲಿ, ಹೆಬ್ಬೆರಳಿನ ಗಾತ್ರದ ಒಂದು ಕರಿಯ ವಸ್ತುವಿನ ಮೇಲೆ ಒದ್ದೆ ಬಟ್ಟೆಯನ್ನು ಸುತ್ತಿದ. ಐದಾರು ನಿಮಿಷ ಬಿಟ್ಟು ಕೀಲಿ ತಿರುಗಿಸಿದ. ಮುಳ್ಳು ಅಲುಗಿತು, ಎಂಜಿನು ಹೊತ್ತಿಕೊಂಡಿತು.

ರಸ್ತೆಯ ಪಕ್ಕದ ಹುಣಿಸೆಯ ಮರದ ನೆರಳಿನಲ್ಲಿ ಕುಳಿತಿದ್ದ ಹಿರಿಯರು, “ಏನಪ್ಪಾ ಅದು, ಅಷ್ಟು ಚಿಕ್ಕದು ಇಷ್ಟು ದೊಡ್ಡ ಗಾಡೀನ ನಿಲ್ಲಿಸುತ್ತಾ?” ಎಂದು ಕೇಳಿದರು.

“ಸೆನ್ಸರ್ ತಾತಾ. ಕ್ರ್ಯಾಂಕ್ ಸೆನ್ಸರ್. ಇದು ಗಂಟೆ ಹೊಡೆದರೇನೇ ಅಲ್ಲಿ ಪೆಟ್ರೋಲ್ ಬಿಡೋದು, ಕಿಡಿ ಹಚ್ಚೋದು.”

ಹಿರಿಯರು ನಕ್ಕರು. “ಹಾಗಾದರೆ ಅದು ನಮ್ಮ ಕೆಲಸವೇ” ಎಂದರು.

ಅವರ ಮಾತು ನಿಜವೆಂಬುದು ನಮಗೆ ಅರ್ಥವಾದದ್ದು ಅನಂತರ. ವಿಷಯವನ್ನು ಅವರು ತಿಳಿದ ಕಡೆಯಿಂದಲೇ ಆರಂಭಿಸುವುದು ಒಳ್ಳೆಯದೆಂದು ತೋರುತ್ತದೆ.

ಕೇಜನ್ನು ಕಾಣದ ಚಾಲಕ

ಕೋಲಾರದ ಚಿನ್ನದ ಗಣಿಗಳಲ್ಲಿ ಚಾಂಪಿಯನ್ ರೀಫ್ ಗಣಿಯ ತಳವು ನೆಲದಿಂದ 3 ಕಿಲೋಮೀಟರಿಗಿಂತಲೂ ಕೆಳಗಿತ್ತು. ಅಷ್ಟು ಆಳಕ್ಕೆ ಒಂದೇ ಹಗ್ಗದಲ್ಲಿ ಇಳಿಯುವಂತಿರಲಿಲ್ಲ. ಒಂದು ಕೂಪದಲ್ಲಿ ಇಳಿದು, ಸುರಂಗದಲ್ಲಿ ನಡೆದು, ಇನ್ನೊಂದು ಕೂಪದ ಕೇಜನ್ನು ಹತ್ತಬೇಕಾಗಿತ್ತು. ಈ ಕೇಜುಗಳನ್ನು ಇಳಿಸಿ ಏರಿಸುತ್ತಿದ್ದುದು ವೈಂಡಿಂಗ್ ಎಂಜಿನುಗಳು. ದೊಡ್ಡ ಉರುಳೆಯೊಂದಕ್ಕೆ ಉಕ್ಕಿನ ಹಗ್ಗವನ್ನು ಸುತ್ತಿರುತ್ತದೆ. ಉರುಳೆ ತಿರುಗಿದಂತೆ ಹಗ್ಗ ಬಿಚ್ಚಿಕೊಂಡು ಕೇಜು ಇಳಿಯುತ್ತದೆ. ಇದರ ಚಾಲಕನು ಎಂಜಿನು ಮನೆಯಲ್ಲಿ ಕುಳಿತಿರುತ್ತಾನೆ. ನೂರಾರು ಮೀಟರು ಕೆಳಗೆ, ಕತ್ತಲೆಯ ಕೂಪದಲ್ಲಿ, ಮನುಷ್ಯರನ್ನು ತುಂಬಿಕೊಂಡು ಓಡುತ್ತಿರುವ ಕೇಜು ಅವನ ಕಣ್ಣಿಗೆ ಬೀಳುವುದಿಲ್ಲ.

ಅವನು ಎರಡು ಸಂಗತಿಗಳನ್ನು ತಿಳಿದಿರಲೇಬೇಕು: ಕೇಜು ಎಷ್ಟು ವೇಗದಲ್ಲಿದೆ, ಮತ್ತು ಈ ಕ್ಷಣದಲ್ಲಿ ಎಲ್ಲಿದೆ. ವೇಗವನ್ನು ತಿಳಿದು ಸ್ಥಾನವನ್ನು ತಿಳಿಯದಿದ್ದರೆ ಕೇಜನ್ನು ತಳಕ್ಕೆ ಅಪ್ಪಳಿಸುವನು, ಇಲ್ಲವೆ ಮೇಲಿನ ರಾಟೆಗೆ ಎಳೆದುಹಾಕುವನು. ಅದಕ್ಕಾಗಿ ಉರುಳೆಯ ಅಚ್ಚಿನಿಂದ ಹಲ್ಲುಚಕ್ರಗಳ ಮೂಲಕ ನಡೆಯುವ ಆಳದರ್ಶಕವೊಂದು ಅವನ ಮುಂದೆ ಇರುತ್ತಿತ್ತು. ಅದರ ಮುಳ್ಳು ಕೇಜು ಇಳಿದಂತೆ ಇಳಿಯುವುದು, ಏರಿದಂತೆ ಏರುವುದು. ಕೇಜು ನಿಲ್ಲಬೇಕಾದ ನೆಲೆಯನ್ನು ಕರಾರುವಾಕ್ಕಾಗಿ ತಿಳಿಯಲು ಉರುಳೆಯ ಅಂಚಿಗೆ ಬಣ್ಣದ ಗುರುತನ್ನೂ ಬಳಿಯುತ್ತಿದ್ದರು. ಇವೆರಡರ ಮೇಲೆ ಗಂಟೆ. ಗಣಿಯ ನಿಯಮದಂತೆ, ಚಲಿಸುತ್ತಿರುವಾಗ ಒಂದು ಬಡಿತ ಕೇಳಿದರೆ ನಿಲ್ಲಿಸು. ಎರಡು ಬಡಿತವಾದರೆ ಇಳಿಸು. ಮೂರಾದರೆ ಕೇಜಿನಲ್ಲಿ ಮನುಷ್ಯರಿದ್ದಾರೆ. ಚಾಲಕನು ಕೈಮರೆತು ವೇಗ ಮೀರಿದರೆ ತಾನಾಗಿಯೇ ಬ್ರೇಕನ್ನು ಹಾಕುವ ಯಂತ್ರವೂ ಇರಬೇಕಾಗಿತ್ತು.

ಹಿರಿಯರು ಇನ್ನೊಂದು ಸೂಕ್ಷ್ಮವನ್ನು ಹೇಳಿದರು. ಉಕ್ಕಿನ ಹಗ್ಗವು ಬಳಸಿದಂತೆ ಹಿಗ್ಗುತ್ತದೆ. ಹಗ್ಗ ಹಿಗ್ಗಿದಾಗ ಆಳದರ್ಶಕದ ಮುಳ್ಳು ಒಂದು ಹೇಳುತ್ತದೆ, ಕೇಜು ಇನ್ನೊಂದು ಕಡೆ ಇರುತ್ತದೆ. ಆದುದರಿಂದ ಗುರುತುಗಳನ್ನು ಆಗಾಗ ಸರಿಪಡಿಸಬೇಕು. ಈ ಮಾತನ್ನು ವಾಚಕರು ನೆನಪಿನಲ್ಲಿಡಬೇಕೆಂದು ಕೋರುತ್ತೇವೆ. ಕಾರಿನ ಎಂಜಿನಿನಲ್ಲಿಯೂ ಇದೇ ತೊಡಕು ಮತ್ತೆ ಎದುರಾಗುವುದು.

ಎಂಜಿನಿಗೆ ಸುದ್ದಿ ಏತಕ್ಕೆ ಬೇಕು?

ಪೆಟ್ರೋಲ್ ಎಂಜಿನಿನ ಉರುಳೆಯೊಳಗೆ ಪಿಸ್ಟನ್ನು ಮೇಲೆ ಕೆಳಗೆ ಓಡಾಡುತ್ತದೆ. ಅದರ ಓಡಾಟವನ್ನು ಕ್ರ್ಯಾಂಕ್ ದಂಡವು ತಿರುಗಾಟವನ್ನಾಗಿ ಮಾರ್ಪಡಿಸುತ್ತದೆ. ಪಿಸ್ಟನ್ನು ಪೆಟ್ರೋಲ್ ಮತ್ತು ಗಾಳಿಯ ಮಿಶ್ರಣವನ್ನು ಅದುಮಿ ತುತ್ತತುದಿಯನ್ನು ಮುಟ್ಟುವುದಕ್ಕೆ ತುಸು ಮೊದಲು ಕಿಡಿ ಹಾರಬೇಕು. ತೀರ ಮೊದಲೇ ಹಾರಿದರೆ ಏರುತ್ತಿರುವ ಪಿಸ್ಟನ್ನಿನ ತಲೆಯ ಮೇಲೆ ಸುತ್ತಿಗೆಯಿಂದ ಹೊಡೆದಂತಾಗುತ್ತದೆ. ತಡವಾದರೆ ಶಾಖವೆಲ್ಲ ಹೊಗೆಕೊಳವೆಯಲ್ಲಿ ವ್ಯರ್ಥವಾಗುತ್ತದೆ. ಎಂಜಿನು ನಿಮಿಷಕ್ಕೆ 3000 ಸುತ್ತು ತಿರುಗುತ್ತಿದೆಯೆನ್ನೋಣ. ಅಂದರೆ ಸೆಕೆಂಡಿಗೆ 50 ಸುತ್ತು. ಒಂದು ಸುತ್ತಿಗೆ 360 ಡಿಗ್ರಿ. ಹೀಗಾಗಿ ಕ್ರ್ಯಾಂಕ್ ದಂಡವು ಒಂದು ಡಿಗ್ರಿಯಷ್ಟು ಹೊರಳಲು ಹಿಡಿಯುವ ಕಾಲ ಸೆಕೆಂಡಿನ 18,000ದಲ್ಲಿ ಒಂದು ಭಾಗ. ಕಿಡಿಯ ಕಾಲವನ್ನು ಇಷ್ಟು ನಯವಾಗಿ ಅಳೆಯಬೇಕು.

ಹಿಂದಿನ ಕಾರುಗಳಲ್ಲಿ ಈ ಕೆಲಸವನ್ನು ಎಂಜಿನೇ ತನಗೆ ತಾನೇ ಮಾಡಿಕೊಳ್ಳುತ್ತಿತ್ತು. ಡಿಸ್ಟ್ರಿಬ್ಯೂಟರ್ ಎಂಬ ಸಾಧನದೊಳಗಿನ ಸಣ್ಣ ಉಬ್ಬುಗಳು ಲೋಹದ ತುಟಿಗಳನ್ನು ತೆರೆದಾಗ ಕಿಡಿ ಹಾರುತ್ತಿತ್ತು. ವೇಗ ಹೆಚ್ಚಿದರೆ ಒಳಗಿನ ಸಣ್ಣ ತೂಕಗಳು ಹೊರಕ್ಕೆ ಸಿಡಿದು ಕಿಡಿಯನ್ನು ಮುಂಚಿತಗೊಳಿಸುತ್ತಿದ್ದವು. ಪೆಟ್ರೋಲನ್ನು ಕಾರ್ಬೊರೇಟರು ಗಾಳಿಯ ಸೆಳೆತದಿಂದಲೇ ಬೆರೆಸುತ್ತಿತ್ತು. ಎಲ್ಲವೂ ಕಣ್ಣಿಗೆ ಕಾಣುವ ಕೆಲಸ. ಹಳೆಯ ಮೆಕ್ಯಾನಿಕರು ಈ ಕಾಲವನ್ನು ನೆನೆದು ನಿಟ್ಟುಸಿರಿಡುವುದನ್ನು ನಾವು ಕೇಳಿದ್ದೇವೆ. ಆದರೆ ತುಟಿಗಳು ಸವೆಯುತ್ತಿದ್ದವು, ಮಿಶ್ರಣವು ಹವೆಯೊಡನೆ ಬದಲಾಗುತ್ತಿತ್ತು, ಹೊಗೆಯ ವಿಷಕ್ಕೆ ಮಿತಿಯಿರಲಿಲ್ಲ. 2000ದಿಂದೀಚೆಗೆ ನಮ್ಮ ದೇಶದಲ್ಲಿ ಹೊಗೆಯ ನಿಯಮಗಳು ಹಂತಹಂತವಾಗಿ ಬಿಗಿಯಾದಂತೆ ಕಾರುಗಳಿಂದ ಕಾರ್ಬೊರೇಟರು ಮರೆಯಾಯಿತು. 2020ರ ಏಪ್ರಿಲಿನಲ್ಲಿ ಆರನೆಯ ಹಂತದ ನಿಯಮ ಬಂದ ಮೇಲೆ ಸ್ಕೂಟರು, ಮೋಟಾರು ಸೈಕಲ್ಲುಗಳಿಗೂ ಅದೇ ಗತಿಯಾಯಿತು. ಈಗ ಪೆಟ್ರೋಲನ್ನು ಚಿಮ್ಮಿಸುವುದೂ ಕಿಡಿಯನ್ನು ಹಾರಿಸುವುದೂ ಎಂಜಿನಿನಿಂದ ದೂರದಲ್ಲಿ ಕುಳಿತ ಒಂದು ವಿದ್ಯುನ್ಮಾನ ಪೆಟ್ಟಿಗೆ. ಮೆಕ್ಯಾನಿಕರು ಅದನ್ನು ಇ.ಸಿ.ಎಂ. ಎನ್ನುವರು, ನಾವು ನಿಯಂತ್ರಕ ಎನ್ನೋಣ.

ಈ ನಿಯಂತ್ರಕವು ವೈಂಡಿಂಗ್ ಚಾಲಕನಂತೆಯೇ ಕುರುಡು. ಕ್ರ್ಯಾಂಕ್ ದಂಡವನ್ನು ಅದು ಕಾಣದು. ಅದರ ವೇಗವನ್ನೂ ಸ್ಥಾನವನ್ನೂ ಯಾರಾದರೂ ಹೇಳಬೇಕು. ಹೇಳುವುದು, ಒದ್ದೆ ಬಟ್ಟೆಯನ್ನು ಹೊದ್ದಿದ್ದ ಆ ಕರಿಯ ವಸ್ತು. ಅದಕ್ಕೆ ಸಂವೇದಕವೆಂದು ಪಠ್ಯಪುಸ್ತಕಗಳಲ್ಲಿ ಹೆಸರಿದೆ. ಯಾವ ಗ್ಯಾರೇಜಿನಲ್ಲಿಯೂ ಆ ಹೆಸರಿನಿಂದ ಕೇಳಿದರೆ ಸಿಗದು. ಸೆನ್ಸರ್ ಎಂದೇ ಕರೆಯುವೆವು.

ಅಯಸ್ಕಾಂತ, ಸುರುಳಿ, ಹಲ್ಲು

ಕ್ರ್ಯಾಂಕ್ ದಂಡದ ಒಂದು ತುದಿಗೆ ಉಕ್ಕಿನ ಹಲ್ಲುಚಕ್ರವೊಂದನ್ನು ಬಿಗಿದಿರುತ್ತದೆ. ಇದು ಯಾವ ಇನ್ನೊಂದು ಚಕ್ರವನ್ನೂ ತಿರುಗಿಸುವುದಿಲ್ಲ. ಹಲ್ಲುಗಳು ಬರಿಯ ಎಣಿಕೆಗೆ. ಅದರ ಅಂಚಿಗೆ ಎದುರಾಗಿ, ಸುಮಾರು ಒಂದು ಮಿಲಿಮೀಟರು ಬಿಡುವಿನಲ್ಲಿ, ಸೆನ್ಸರಿನ ಮೂತಿ ನಿಂತಿರುತ್ತದೆ. ಸೆನ್ಸರಿನೊಳಗೆ ಇರುವುದು ಮೂರೇ ವಸ್ತುಗಳು: ಒಂದು ಶಾಶ್ವತ ಅಯಸ್ಕಾಂತ, ಅದಕ್ಕೆ ತಗುಲಿದ ಮೆದುಕಬ್ಬಿಣದ ಕಡ್ಡಿ, ಕಡ್ಡಿಯ ಸುತ್ತ ಕೂದಲೆಳೆಯಂಥ ತಾಮ್ರದ ತಂತಿಯ ಸಾವಿರಾರು ಸುತ್ತುಗಳ ಸುರುಳಿ. ಹೊರಗಿನಿಂದ ವಿದ್ಯುತ್ತನ್ನು ಕೊಡಬೇಕಾಗಿಲ್ಲ.

ಅಯಸ್ಕಾಂತದ ಬಲರೇಖೆಗಳು ಗಾಳಿಗಿಂತ ಕಬ್ಬಿಣದಲ್ಲಿ ಸುಲಭವಾಗಿ ಹರಿಯುವುವು. ಹಲ್ಲೊಂದು ಸೆನ್ಸರಿನ ಎದುರಿಗೆ ಬಂದಾಗ ಬಲರೇಖೆಗಳು ಸುರುಳಿಯಲ್ಲಿ ದಟ್ಟವಾಗುತ್ತವೆ; ಹಲ್ಲಿನ ಹಿಂದಿನ ಸಂದು ಬಂದಾಗ ವಿರಳವಾಗುತ್ತವೆ. ಸುರುಳಿಯ ಮೂಲಕ ಹಾಯುವ ಬಲರೇಖೆಗಳು ಬದಲಾದರೆ ಅದರ ತುದಿಗಳಲ್ಲಿ ವಿದ್ಯುದ್ಬಲ ಹುಟ್ಟುವುದೆಂದು ಮೈಕೆಲ್ ಫ್ಯಾರಡೆ 1831ರಲ್ಲಿ ತೋರಿಸಿಕೊಟ್ಟನಷ್ಟೆ. ಹಲ್ಲು ಹತ್ತಿರವಾಗುವಾಗ ವಿದ್ಯುದ್ಬಲವು ಒಂದು ದಿಕ್ಕಿನಲ್ಲಿ ಏರುತ್ತದೆ. ದೂರವಾಗುವಾಗ ವಿರುದ್ಧ ದಿಕ್ಕಿನಲ್ಲಿ. ಹಲ್ಲಿನ ನಡುಮಧ್ಯವು ಸೆನ್ಸರಿನ ನೇರಕ್ಕೆ ಬಂದ ಕ್ಷಣದಲ್ಲಿ ಬಲರೇಖೆಗಳು ಅತ್ಯಂತ ಹೆಚ್ಚಾಗಿದ್ದರೂ ಬದಲಾಗುತ್ತಿರುವುದಿಲ್ಲ. ಆದುದರಿಂದ ಆಗ ವಿದ್ಯುದ್ಬಲ ಸೊನ್ನೆ. ವಿದ್ಯಾರ್ಥಿಗಳು ಇಲ್ಲಿ ಒಂದು ಗಳಿಗೆ ನಿಲ್ಲಬೇಕು. ನಿಯಂತ್ರಕವು ಹುಡುಕುವುದು ವಿದ್ಯುದ್ಬಲದ ಶಿಖರವನ್ನಲ್ಲ, ಈ ಸೊನ್ನೆಯನ್ನು. ಶಿಖರದ ಎತ್ತರವು ವೇಗದೊಡನೆ ಬದಲಾಗುತ್ತದೆ. ಎಂಜಿನನ್ನು ಸೆಲ್ಫ್‌ನಿಂದ ತಿರುಗಿಸುವಾಗ ಅದು ಒಂದು ವೋಲ್ಟಿನ ಆಸುಪಾಸಿನಲ್ಲಿದ್ದರೆ, ಹೆಚ್ಚಿನ ವೇಗದಲ್ಲಿ ಹತ್ತಾರು ವೋಲ್ಟುಗಳಿಗೆ ಏರುತ್ತದೆ. ಸೊನ್ನೆಯನ್ನು ಹಾಯುವ ಕ್ಷಣವಾದರೋ ಯಾವ ವೇಗದಲ್ಲಿಯೂ ಹಲ್ಲಿನ ನಡುವನ್ನೇ ಸೂಚಿಸುತ್ತದೆ.

ಇದರಲ್ಲಿಯೇ ಒಂದು ಮೋಸವೂ ಅಡಗಿದೆ. ಸೆನ್ಸರಿನ ಎರಡು ತಂತಿಗಳನ್ನು ಯಾರಾದರೂ ಅದಲುಬದಲು ಮಾಡಿ ಬೆಸೆದರೆ ಅಲೆಯು ತಲೆಕೆಳಗಾಗುತ್ತದೆ. ಆಗ ನಿಯಂತ್ರಕವು ಹಲ್ಲಿನ ನಡುವಿಗೆ ಬದಲಾಗಿ ಸಂದಿನ ನಡುವನ್ನು ಹಲ್ಲೆಂದು ತಿಳಿಯುವುದು. ಮೀಟರಿನಿಂದ ಅಳೆದರೆ ಸೆನ್ಸರು ಸರಿಯಾಗಿಯೇ ಇರುತ್ತದೆ, ತಂತಿಗಳೂ ತುಂಡಾಗಿರುವುದಿಲ್ಲ. ಎಂಜಿನು ಮಾತ್ರ ಎಡವುತ್ತಿರುತ್ತದೆ, ಇಲ್ಲವೆ ಹೊತ್ತಿಕೊಳ್ಳುವುದೇ ಇಲ್ಲ.

ಇದನ್ನು ಮನೆಯಲ್ಲಿ ಪರೀಕ್ಷಿಸಬಹುದು. ಎರಡಂಗುಲದ ಕಬ್ಬಿಣದ ಬೋಲ್ಟಿಗೆ ಎನಾಮೆಲ್ ಲೇಪಿಸಿದ ತೆಳು ತಾಮ್ರದ ತಂತಿಯನ್ನು ಸಾವಿರ ಸುತ್ತು ಸುತ್ತಿ, ಬೋಲ್ಟಿನ ತಲೆಗೆ ಒಡೆದ ಸ್ಪೀಕರಿನ ಅಯಸ್ಕಾಂತವನ್ನು ಅಂಟಿಸಿರಿ. ತಂತಿಯ ತುದಿಗಳ ಲೇಪವನ್ನು ಕೆರೆದು ಮಲ್ಟಿಮೀಟರಿಗೆ ಸೇರಿಸಿ, ಪರ್ಯಾಯ ವಿದ್ಯುತ್ತಿನ ಮಿಲಿವೋಲ್ಟುಗಳನ್ನು ಅಳೆಯುವಂತೆ ಇಡಿರಿ. ಬೋಲ್ಟಿನ ತುದಿಯನ್ನು ಸೈಕಲ್ಲಿನ ಪೆಡಲ್ ಚಕ್ರದ ಹಲ್ಲುಗಳ ಹತ್ತಿರ, ಮುಟ್ಟದಂತೆ ಹಿಡಿದು, ಪೆಡಲನ್ನು ತಿರುಗಿಸಿದರೆ ಮೀಟರು ಚಲಿಸುವುದು; ವೇಗವಾಗಿ ತಿರುಗಿಸಿದರೆ ಹೆಚ್ಚು ಚಲಿಸುವುದು. ಹಳೆಯ ಆಂಪ್ಲಿಫೈಯರೊಂದು ಕೈಗೆ ಸಿಕ್ಕಿದರೆ ಹಲ್ಲುಗಳ ಸದ್ದನ್ನು ಕಿವಿಯಿಂದಲೇ ಕೇಳಬಹುದು. ಎಲೆಕ್ಟ್ರಿಕ್ ಗಿಟಾರು ನುಡಿಯುವುದೂ ಹೀಗೆಯೇ. ಅಲ್ಲಿ ಹಲ್ಲಿನ ಬದಲು ಕಂಪಿಸುವ ಉಕ್ಕಿನ ತಂತಿ. ಕೆ.ಜಿ.ಎಫ್. ಗಣಿಗಳಲ್ಲಿ ಬಂಡೆಸಿಡಿತಗಳು ಎಲ್ಲಿ ಸಂಭವಿಸುತ್ತವೆಂದು ಗುರುತಿಸಲು ಇಟ್ಟಿದ್ದ ಜಿಯೋಫೋನುಗಳ ಒಳಗೂ ಇದ್ದುದು ಅಯಸ್ಕಾಂತ ಮತ್ತು ಸುರುಳಿಯೇ. ಅಲ್ಲಿ ಅಲುಗುತ್ತಿದ್ದುದು ಭೂಮಿ.

ಇನ್ನೂ ಒಂದು ಹೋಲಿಕೆಯನ್ನು ಹೇಳದೆ ಮುಂದುವರಿಯಲಾರೆವು. 1902ರಲ್ಲಿ ಶಿವನಸಮುದ್ರದ ವಿದ್ಯುದಾಗಾರದಿಂದ ಸುಮಾರು 148 ಕಿಲೋಮೀಟರು ದೂರದ ಈ ಗಣಿಗಳಿಗೆ ವಿದ್ಯುತ್ತು ಹರಿದು ಬಂದಿತು. ಜನರೇಟರಿನಲ್ಲಿಯೂ ಕಾಂತಧ್ರುವಗಳು ಸುರುಳಿಗಳ ಮುಂದೆ ಹಾದುಹೋಗುತ್ತವೆ. ಹತ್ತು ಜೊತೆ ಧ್ರುವಗಳ ಚಕ್ರವು ಸೆಕೆಂಡಿಗೆ 5 ಸುತ್ತು ತಿರುಗಿದರೆ ವಿದ್ಯುತ್ತು ಸೆಕೆಂಡಿಗೆ 50 ಬಾರಿ ಕಂಪಿಸುತ್ತದೆ. ಚಕ್ರ ನಿಧಾನವಾದರೆ ಕಂಪನವೂ ಇಳಿಯುತ್ತದೆ. ಎಂದ ಮೇಲೆ ತಂತಿಯ ಇನ್ನೊಂದು ತುದಿಯಲ್ಲಿ ಕುಳಿತು ಕಂಪನಗಳನ್ನು ಎಣಿಸಬಲ್ಲವನಿಗೆ ಕಾವೇರಿಯ ದಡದ ಚಕ್ರದ ವೇಗವು ನೋಡದೆಯೇ ತಿಳಿಯುವುದು. ಜನರೇಟರು ಶಕ್ತಿಯನ್ನು ಕಳುಹಿಸುತ್ತ ಸುದ್ದಿಯನ್ನೂ ಕಳುಹಿಸುತ್ತದೆ. ನಮ್ಮ ಸೆನ್ಸರು ಶಕ್ತಿಯ ಗೊಡವೆಯಿಲ್ಲದೆ ಸುದ್ದಿಯನ್ನಷ್ಟೇ ಕಳುಹಿಸುವ ಪುಟ್ಟ ಜನರೇಟರು.

ಇಲ್ಲದ ಹಲ್ಲುಗಳ ಮಹಿಮೆ

ಬಹಳ ಎಂಜಿನುಗಳಲ್ಲಿ ಈ ಚಕ್ರದ ಅಂಚನ್ನು 60 ಸಮಭಾಗಗಳಾಗಿ ಮಾಡಿರುತ್ತದೆ. ಒಂದೊಂದು ಭಾಗ 6 ಡಿಗ್ರಿ. ಆದರೆ ಹಲ್ಲುಗಳಿರುವುದು 58 ಮಾತ್ರ. ಎರಡು ಹಲ್ಲುಗಳನ್ನು ಬೇಕೆಂದೇ ಬಿಟ್ಟಿರುತ್ತಾರೆ.

ಅರುವತ್ತು ಎಂಬ ಸಂಖ್ಯೆಯಲ್ಲಿ ಒಂದು ಚೆಲುವಿದೆ. ನಿಮಿಷಕ್ಕೆ 3000 ಸುತ್ತೆಂದರೆ ಸೆಕೆಂಡಿಗೆ 50 ಸುತ್ತು. ಒಂದು ಸುತ್ತಿಗೆ 60 ಹಲ್ಲಿನ ನೆಲೆಗಳು. ಸೆಕೆಂಡಿಗೆ 3000 ನೆಲೆಗಳು. ನಿಮಿಷದ ಸುತ್ತುಗಳೂ ಸೆಕೆಂಡಿನ ಹಲ್ಲುಗಳೂ ಒಂದೇ ಸಂಖ್ಯೆ! ಹಾಗಾದರೆ ಒಂದು ಸೆಕೆಂಡು ಹಲ್ಲುಗಳನ್ನು ಎಣಿಸಿದರೆ ವೇಗ ತಿಳಿಯಿತೆಂದು ತೋರಬಹುದು. ನಾವೂ ಮೊದಲು ಹಾಗೆಯೇ ತಿಳಿದಿದ್ದೆವು. ಆದರೆ ಒಂದು ಸೆಕೆಂಡಿನಲ್ಲಿ ಎಂಜಿನು 50 ಸುತ್ತು ತಿರುಗಿ, ನಾಲ್ಕು ಉರುಳೆಗಳದಾದರೆ ನೂರು ಕಿಡಿಗಳನ್ನು ಬೇಡಿರುತ್ತದೆ. ಅಷ್ಟು ಹೊತ್ತು ಎಣಿಸುತ್ತ ಕೂರುವಂತಿಲ್ಲ. ಆದುದರಿಂದ ನಿಯಂತ್ರಕವು ಹಲ್ಲುಗಳನ್ನು ಎಣಿಸಿ ವೇಗವನ್ನು ತಿಳಿಯುವುದಿಲ್ಲ; ಒಂದು ಹಲ್ಲಿಗೂ ಇನ್ನೊಂದಕ್ಕೂ ನಡುವಣ ಕಾಲವನ್ನು ಅಳೆಯುತ್ತದೆ. ಅದರೊಳಗಿನ ಹರಳಿನ ಗಡಿಯಾರವು ಸೆಕೆಂಡಿಗೆ ಲಕ್ಷಾಂತರ ಬಾರಿ ಮಿಡಿಯುತ್ತದೆ. ಹಲ್ಲು ಬಂದಾಗ ಗಡಿಯಾರದ ಅಂಕೆಯನ್ನು ಬರೆದುಕೊಂಡು, ಹಿಂದಿನ ಹಲ್ಲಿನ ಅಂಕೆಯನ್ನು ಕಳೆದರಾಯಿತು. 3000 ಸುತ್ತಿನ ವೇಗದಲ್ಲಿ ಆ ಅಂತರವು ಸೆಕೆಂಡಿನ ಹತ್ತು ಲಕ್ಷ ಭಾಗಗಳಲ್ಲಿ 333. ಎಂಜಿನು ನಿಂತಲ್ಲೇ ಮೆಲ್ಲಗೆ 800 ಸುತ್ತಿನಲ್ಲಿ ಗುನುಗುತ್ತಿರುವಾಗ 1250. ಸೆಲ್ಫ್‌ನಿಂದ 200 ಸುತ್ತು ತಿರುಗುವಾಗ 5000.

ಇದರಿಂದ ವೇಗ ತಿಳಿಯಿತು. ಸ್ಥಾನ? ಐವತ್ತೆಂಟು ಹಲ್ಲುಗಳೂ ಒಂದೇ ಬಗೆ. ಈಗ ಬಂದದ್ದು ಎಷ್ಟನೆಯದು? ಇಲ್ಲಿಯೇ ಇಲ್ಲದ ಎರಡು ಹಲ್ಲುಗಳು ಕೆಲಸಕ್ಕೆ ಬರುವುದು. ಆ ಖಾಲಿ ಜಾಗವು ಸೆನ್ಸರಿನ ಮುಂದೆ ಹಾಯುವಾಗ ಎರಡು ಹಲ್ಲುಗಳ ನಡುವಣ ಅಂತರವು 6 ಡಿಗ್ರಿಯಲ್ಲ, 18 ಡಿಗ್ರಿ. ಕಾಲವೂ ಮೂರು ಪಟ್ಟು. ಒಂದು ಅಂತರವು ಅದರ ಹಿಂದಿನ ಅಂತರದ ಎರಡು ಪಟ್ಟಿಗಿಂತ ಚೆನ್ನಾಗಿ ಹೆಚ್ಚಾಗಿದ್ದರೆ, ಖಾಲಿ ಜಾಗ ಬಂತೆಂದು ನಿಯಂತ್ರಕವು ನಿರ್ಧರಿಸಿ, ಮುಂದಿನ ಹಲ್ಲಿಗೆ ಒಂದು ಎಂದು ಹೆಸರಿಟ್ಟು ಎಣಿಸತೊಡಗುತ್ತದೆ. ವೈಂಡಿಂಗ್ ಉರುಳೆಯ ಅಂಚಿನ ಬಣ್ಣದ ಗುರುತು ಇದೇ ಅಲ್ಲವೆ? ಅಲ್ಲಿ ಬಣ್ಣವನ್ನು ಬಳಿದು ಗುರುತು ಮಾಡಿದರು. ಇಲ್ಲಿ ಹಲ್ಲನ್ನು ಕಿತ್ತು ಗುರುತು ಮಾಡಿದರು.

ಹಲ್ಲಿಗೂ ಹಲ್ಲಿಗೂ ನಡುವೆ 6 ಡಿಗ್ರಿಯಿದೆ. ಕಿಡಿ ಬೇಕಾದುದು, ಹೇಳುವುದಾದರೆ, 22 ಡಿಗ್ರಿ ಮೊದಲು. ಆಗ ನಿಯಂತ್ರಕವು ಹತ್ತಿರದ ಹಲ್ಲನ್ನು ಹಿಡಿದು, ಆಗಿನ ವೇಗದಲ್ಲಿ ಇನ್ನೆಷ್ಟು ಹೊತ್ತಿಗೆ ಆ ಡಿಗ್ರಿ ಬರುವುದೆಂದು ತ್ರೈರಾಶಿಯಿಂದ ಲೆಕ್ಕ ಹಾಕಿ, ಅಷ್ಟು ಹೊತ್ತು ಕಾದು ಕಿಡಿಯನ್ನು ಹಾರಿಸುತ್ತದೆ. ಪ್ರಾಥಮಿಕ ಶಾಲೆಯಲ್ಲಿ ಕಲಿತ ತ್ರೈರಾಶಿ!

ಇಷ್ಟಾದರೂ ಒಂದು ಸಂದೇಹ ಉಳಿಯುತ್ತದೆ. ನಾಲ್ಕು ಹೊಡೆತದ ಎಂಜಿನಿನಲ್ಲಿ ಒಂದು ಆವರ್ತ ಮುಗಿಯಲು ಕ್ರ್ಯಾಂಕ್ ದಂಡವು ಎರಡು ಸುತ್ತು ತಿರುಗಬೇಕು. ಪಿಸ್ಟನ್ನು ಎರಡು ಬಾರಿ ತುತ್ತತುದಿಗೆ ಬರುತ್ತದೆ: ಒಮ್ಮೆ ಮಿಶ್ರಣವನ್ನು ಅದುಮುತ್ತ, ಇನ್ನೊಮ್ಮೆ ಹೊಗೆಯನ್ನು ಹೊರದೂಡುತ್ತ. ಕ್ರ್ಯಾಂಕ್ ಸೆನ್ಸರಿಗೆ ಇವೆರಡೂ ಒಂದೇ. ಕವಾಟಗಳನ್ನು ತೆರೆಯುವ ಕ್ಯಾಮ್ ದಂಡವು ಅದರ ಅರ್ಧ ವೇಗದಲ್ಲಿ, ಆವರ್ತಕ್ಕೆ ಒಂದೇ ಸುತ್ತು ತಿರುಗುವುದರಿಂದ, ಅದಕ್ಕೂ ಒಂದು ಸೆನ್ಸರನ್ನಿಟ್ಟು ಈ ಸಂದೇಹವನ್ನು ಕಳೆಯುತ್ತಾರೆ. ಎರಡು ದಂಡಗಳನ್ನೂ ಜೋಡಿಸುವ ಸರಪಣಿಯು ವರ್ಷಗಳು ಕಳೆದಂತೆ ಹಿಗ್ಗುತ್ತದೆ. ಆಗ ಕ್ಯಾಮ್ ಸೆನ್ಸರಿನ ಸುದ್ದಿಗೂ ಕ್ರ್ಯಾಂಕ್ ಸೆನ್ಸರಿನ ಸುದ್ದಿಗೂ ಹೊಂದಿಕೆ ತಪ್ಪಿ, ಫಲಕದಲ್ಲಿ ಹಳದಿಯ ದೀಪ ಹೊತ್ತಿಕೊಳ್ಳುವುದು. ಹಿಗ್ಗಿದ ಹಗ್ಗ ಮತ್ತು ತಪ್ಪು ತೋರಿಸುವ ಆಳದರ್ಶಕ!

ಹಲ್ಲುಗಳ ಅಂತರವನ್ನು ಇಷ್ಟು ಸೂಕ್ಷ್ಮವಾಗಿ ಅಳೆಯುವುದರಿಂದ ಬೇಡದೆ ಬಂದ ಲಾಭವೊಂದುಂಟು. ಎಂಜಿನು ಸಮವೇಗದಲ್ಲಿ ತಿರುಗುತ್ತಿದೆಯೆಂದು ನಮಗೆ ತೋರಿದರೂ ಅದು ನಿಜವಲ್ಲ. ಪಿಸ್ಟನ್ನು ಅದುಮುವಾಗ ದಂಡವು ತುಸು ತಡೆಯುತ್ತದೆ. ಮಿಶ್ರಣ ಉರಿದಾಗ ತುಸು ಮುನ್ನುಗ್ಗುತ್ತದೆ. ಯಾವುದಾದರೂ ಉರುಳೆಯಲ್ಲಿ ಉರಿಯೇ ಹತ್ತದಿದ್ದರೆ ಅಲ್ಲಿ ಆ ಮುನ್ನುಗ್ಗುವಿಕೆ ಕಾಣದು. ಅಂತರಗಳ ಪಟ್ಟಿಯನ್ನು ನೋಡಿಯೇ ನಿಯಂತ್ರಕವು, ಮೂರನೆಯ ಉರುಳೆ ಕೆಲಸ ಮಾಡುತ್ತಿಲ್ಲವೆಂದು ಹೇಳಬಲ್ಲದು. ಕೈಯ ನಾಡಿಯನ್ನು ಹಿಡಿದು ಪಂಡಿತರು ಹೃದಯದ ವಿಷಯವನ್ನು ಹೇಳಿದಂತೆ, ಎನ್ನಬಹುದು. ಆದರೆ ಇಲ್ಲಿ ಊಹೆಗೆ ಎಡೆ ಕಡಿಮೆ.

ಸೆನ್ಸರಿನಿಂದ ಪೆಟ್ಟಿಗೆಗೆ

ಸೆನ್ಸರಿನಿಂದ ನಿಯಂತ್ರಕಕ್ಕೆ ಒಂದೆರಡು ಮೀಟರಿನ ತಂತಿಯ ದಾರಿ. ಆ ದಾರಿ ನಿಷ್ಕಂಟಕವಲ್ಲ. ಪಕ್ಕದಲ್ಲಿಯೇ ಸಾವಿರಾರು ವೋಲ್ಟುಗಳ ಕಿಡಿಗಳು ಹಾರುತ್ತಿರುತ್ತವೆ, ಬ್ಯಾಟರಿಗೆ ವಿದ್ಯುತ್ತನ್ನು ತುಂಬುವ ಆಲ್ಟರ್ನೇಟರು ತಿರುಗುತ್ತಿರುತ್ತದೆ. ಇವುಗಳ ಕಾಂತಕ್ಷೇತ್ರವು ತಂತಿಯಲ್ಲಿ ಸುಳ್ಳು ಮಿಡಿತವನ್ನು ಹುಟ್ಟಿಸಿದರೆ, ನಿಯಂತ್ರಕಕ್ಕೆ ಇಲ್ಲದ ಹಲ್ಲು ಕಾಣುವುದು. ಆದುದರಿಂದ ಎರಡು ತಂತಿಗಳನ್ನು ಹಗ್ಗದಂತೆ ಹೊಸೆದಿರುತ್ತಾರೆ. ಹೊರಗಿನ ಉಪದ್ರವವು ಎರಡರ ಮೇಲೂ ಸಮನಾಗಿ ಬೀಳುತ್ತದೆ, ಎರಡರ ವ್ಯತ್ಯಾಸವನ್ನು ಮಾತ್ರ ಗಮನಿಸುವ ನಿಯಂತ್ರಕಕ್ಕೆ ಅದು ಸೊನ್ನೆಯಾಗುತ್ತದೆ. ಕೆಲವು ಕಾರುಗಳಲ್ಲಿ ಇದರ ಮೇಲೆ ಲೋಹದ ಜಾಲರಿಯ ಹೊದಿಕೆಯೂ ಇರುತ್ತದೆ. ಪೆಟ್ಟಿಗೆಯ ಹೊಸ್ತಿಲಲ್ಲಿ, ಏರಿಳಿಯುವ ಅಲೆಯನ್ನು ಚೌಕಾಕಾರದ ಮಿಡಿತಗಳನ್ನಾಗಿ ಕತ್ತರಿಸುವ ಮಂಡಲವೊಂದಿದೆ. ಅಲೆಯು ದೊಡ್ಡದಾದಂತೆ ಅದು ತನ್ನ ಹೊಸ್ತಿಲನ್ನು ಎತ್ತರಿಸಿಕೊಂಡು, ಸಣ್ಣಪುಟ್ಟ ಗದ್ದಲವನ್ನು ಒಳಗೆ ಬಿಡುವುದಿಲ್ಲ.

ಹೊಸ ಕಾರುಗಳಲ್ಲಿ ಬಹಳ ಕಡೆ ಬೇರೊಂದು ಬಗೆಯ ಸೆನ್ಸರು ಬಂದಿದೆ. ವಿದ್ಯುತ್ತು ಹರಿಯುತ್ತಿರುವ ಹಾಳೆಯನ್ನು ಅಯಸ್ಕಾಂತದ ಬಳಿ ಇಟ್ಟರೆ ಹಾಳೆಯ ಎರಡು ಬದಿಗಳ ನಡುವೆ ಅಲ್ಪ ವಿದ್ಯುದ್ಬಲ ತೋರುವುದೆಂದು ಅಮೆರಿಕದ ಎಡ್ವಿನ್ ಹಾಲ್ 1879ರಲ್ಲಿ ಕಂಡುಹಿಡಿದಿದ್ದನು. ಹಾಲ್ ಸೆನ್ಸರು ಕಾಂತಕ್ಷೇತ್ರದ ಬದಲಾವಣೆಯನ್ನಲ್ಲ, ಕಾಂತಕ್ಷೇತ್ರವನ್ನೇ ಅರಿಯುತ್ತದೆ. ಚಕ್ರವು ಆಮೆಯಂತೆ ತಿರುಗಿದರೂ ಸುದ್ದಿ ಸ್ಪಷ್ಟ. ಆದರೆ ಇದಕ್ಕೆ ಹೊರಗಿನಿಂದ ವಿದ್ಯುತ್ತು ಬೇಕು, ಆದುದರಿಂದ ಎರಡಕ್ಕೆ ಬದಲು ಮೂರು ತಂತಿಗಳು. ಮೂರು ತಂತಿಯ ಸೆನ್ಸರಿನ ಮೇಲೆ ಮಲ್ಟಿಮೀಟರಿನಿಂದ ಓಮ್‌ಗಳನ್ನು ಅಳೆಯಹೋಗುವವರು ಅದನ್ನು ಕೆಡಿಸುವ ಸಂಭವವೂ ಉಂಟೆಂದು ನಮ್ಮ ಮೆಕ್ಯಾನಿಕನು ಎಚ್ಚರಿಸಿದ.

ನಮ್ಮ ಕಾರಿನದು ಹಳೆಯ ಬಗೆಯದು. ಬಂಗಾರಪೇಟೆಯ ಗ್ಯಾರೇಜಿನಲ್ಲಿ ಅವನು ಅದನ್ನು ಬಿಚ್ಚಿ ಮೇಜಿನ ಮೇಲಿಟ್ಟು ಮೀಟರಿನಿಂದ ಅಳೆದು ತೋರಿಸಿದ: ಒಂಬೈನೂರು ಓಮ್‌ಗೆ ಸಮೀಪ. ನಿರ್ದುಷ್ಟವಾದ ಸುರುಳಿ! ಅನಂತರ ಕೂದಲೊಣಗಿಸುವ ಯಂತ್ರದಿಂದ ಬಿಸಿಗಾಳಿಯನ್ನು ಬಿಟ್ಟ. ಮೂರು ನಿಮಿಷದಲ್ಲಿ ಅಂಕೆಗಳು ಒಮ್ಮೆಗೇ ಮಾಯವಾಗಿ, ಮೀಟರು ದಾರಿಯೇ ಇಲ್ಲವೆಂದು ತೋರಿಸಿತು. ಒಳಗೆಲ್ಲೋ ಕೂದಲೆಳೆಯ ತಂತಿ ಮುರಿದಿದೆ. ತಣ್ಣಗಿರುವಾಗ ಮುರಿದ ತುದಿಗಳು ಒಂದನ್ನೊಂದು ತಾಕಿಕೊಂಡಿರುತ್ತವೆ, ಬಿಸಿಯಾದಾಗ ಸುತ್ತಲಿನ ರಾಳ ಹಿಗ್ಗಿ ಅವನ್ನು ಅಗಲಿಸುತ್ತದೆ. ಆ ಕ್ಷಣದಲ್ಲಿ ಗಂಟೆ ನಿಲ್ಲುತ್ತದೆ. ಗಂಟೆ ನಿಂತಿತೆಂದರೆ ದಂಡವು ನಿಂತಿದೆಯೆಂದೇ ನಿಯಂತ್ರಕದ ಲೆಕ್ಕ. ನಿಂತ ಎಂಜಿನಿಗೆ ಪೆಟ್ರೋಲನ್ನು ಚಿಮ್ಮಿಸುವುದು ಬೆಂಕಿಯ ಅಪಾಯವಾದುದರಿಂದ ಅದು ಎಲ್ಲವನ್ನೂ ನಿಲ್ಲಿಸಿಬಿಡುತ್ತದೆ. ಹಾಗೆ ಮಾಡಬೇಕಾದದ್ದೇ ಸರಿ. ನಮ್ಮ ಹಿಂದೆ ಜಲ್ಲಿಯ ಲಾರಿಯಿದ್ದುದು ಅದಕ್ಕೆ ಗೊತ್ತಿಲ್ಲ.

ನಿಯಂತ್ರಕದ ನೆನಪಿನಲ್ಲಿ ಪಿ0335 ಎಂಬ ಸಂಕೇತವೂ ಉಳಿದಿತ್ತು. ಕ್ರ್ಯಾಂಕ್ ಸೆನ್ಸರಿನ ಮಂಡಲದಲ್ಲಿ ದೋಷವೆಂದು ಅದರ ಅರ್ಥ. ಎರಡು ತಿಂಗಳ ಹಿಂದೆ ಬೇರೊಂದು ಊರಿನ ಗ್ಯಾರೇಜಿನಲ್ಲಿ ಇದೇ ತೊಂದರೆಗೆ ಪೆಟ್ರೋಲ್ ಪಂಪನ್ನು ಬದಲಾಯಿಸಿ ನಮ್ಮಿಂದ ಸಾಕಷ್ಟು ಹಣ ಪಡೆದಿದ್ದರು. ಕಾರು ಗ್ಯಾರೇಜನ್ನು ತಲಪುವಷ್ಟರಲ್ಲಿ ಸೆನ್ಸರು ತಣ್ಣಗಾಗಿ ಎಲ್ಲವೂ ಸರಿಯಿರುತ್ತಿತ್ತು; ಯಾರೂ ಬಿಸಿಯಾಗಿಸಿ ನೋಡಿರಲಿಲ್ಲ. ನಾವೂ ಕೇಳಿರಲಿಲ್ಲ.

ಹಿರಿಯರು ಮೇಜಿನ ಬಳಿ ಬಗ್ಗಿ ನಿಂತು, ಪೊರೆ ಬಂದ ಕಣ್ಣಿನಿಂದ ಆ ಕರಿಯ ವಸ್ತುವನ್ನು ಬಹಳ ಹೊತ್ತು ನೋಡಿದರು. “ನಮ್ಮಲ್ಲಿ ಗಂಟೆ ಕೇಳದಿದ್ದರೆ ಕೇಜು ಅಲುಗಿಸುತ್ತಿರಲಿಲ್ಲ. ಶಿಫ್ಟು ತಡವಾಗಲಿ, ಯಾರಾದರೂ ಬೈಯಲಿ” ಎಂದರು. ಮೆಕ್ಯಾನಿಕನು ಹೊಸ ಸೆನ್ಸರನ್ನು ಕೂರಿಸಿ, ಒಂದೇ ಬೋಲ್ಟನ್ನು ಬಿಗಿದು, ಹತ್ತು ನಿಮಿಷದಲ್ಲಿ ಕೈತೊಳೆದುಕೊಂಡ.

ಸಂಜೆಯ ರೈಲು ಹೋಗಿಬಿಟ್ಟಿತ್ತು. ಬಂಗಾರಪೇಟೆ ದೊಡ್ಡ ಜಂಕ್ಷನ್ನಾದುದರಿಂದ ರಾತ್ರಿ ಇನ್ನೊಂದು ಸಿಕ್ಕಿತು. ಹಿರಿಯರು ಬೆಳಗಿನ ಹೊತ್ತಿಗೆ ಆಸ್ಪತ್ರೆಯಲ್ಲಿದ್ದರು. ಹಳೆಯ ಸೆನ್ಸರನ್ನು ನಾವು ಕೇಳಿ ಪಡೆದು ತಂದೆವು. ಅದರ ಸುರುಳಿ ಮುರಿದಿದ್ದರೂ ಅಯಸ್ಕಾಂತಕ್ಕೆ ಏನೂ ಆಗಿಲ್ಲ. ನಮ್ಮ ಬರೆಯುವ ಮೇಜಿನ ಮೇಲೆ ಈಗ ಗುಂಡುಸೂಜಿಗಳನ್ನು ಹಿಡಿದುಕೊಂಡು ಕುಳಿತಿದೆ.